ಎಫ್ರಮನ ಹೆಸರು ಕೂಗಿದಾಗ

ನನ್ನ ತಮ್ಮನ ಹೆಸರನ್ನು ಅಮೃತಶಿಲೆಯ ಮೇಲೆ ಕೆತ್ತಿಸಿದ್ದೇವೆ ಎಂದು ಪತ್ರ ಬಂತು. ಬರೆದವಳು ಅವನನ್ನು ಕೊಂದವನ ಮಗಳು.

ಆಗ ನಾನು ಅಂಗಡಿಯಲ್ಲಿದ್ದೆ. ಕ್ಲೀವ್‌ಲ್ಯಾಂಡಿನಲ್ಲಿ ನಾನು ಕ್ಷೌರದಂಗಡಿ ಇಟ್ಟು ಮೂವತ್ತೆಂಟು ವರ್ಷವಾಯಿತು. ಬ್ಯಾಂಕಿನವರು, ವಕೀಲರು, ದೊಡ್ಡ ದೊಡ್ಡ ಮನುಷ್ಯರೆಲ್ಲ ನನ್ನ ಕತ್ತಿಯ ಕೆಳಗೆ ಕತ್ತು ಚಾಚಿಕೊಂಡು ಗೊರಕೆ ಹೊಡೆದಿದ್ದಾರೆ. ಆ ದಿನ ಒಬ್ಬ ವಕೀಲನ ಮುಖಕ್ಕೆ ನೊರೆ ಹಚ್ಚಿ, ಪತ್ರ ಓದಿ, ಕತ್ತಿ ಮಡಚಿಟ್ಟೆ. "ಇವತ್ತು ನನ್ನ ಕೈ ಸರಿಯಿಲ್ಲ ಸ್ವಾಮಿ, ಆ ಕುರ್ಚಿಗೆ ಹೋಗಿ" ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿದವನು ನೊರೆ ಸಮೇತ ಎದ್ದುಹೋದ.

"ಪ್ರೀತಿಯ ಐಸಮ್ ಮಾಮ" ಎಂದು ಪತ್ರ ಶುರುವಾಗಿತ್ತು. ಲುವೆಲ್ಲಾ ಮೇಬ್ರಿಗೆ ನಾನು ಯಾವ ಸೀಮೆಯ ಮಾಮ? ಜಾರ್ಜಿಯಾದಲ್ಲಿ ಕರಿಯನ ತಲೆ ನೆರೆತ ಮೇಲೆ ಬಿಳಿಯರು ಅವನನ್ನು ಮಾಮ ಎನ್ನುತ್ತಾರೆ. ಹೆಸರಿನ ಮುಂದೆ 'ಮಿಸ್ಟರ್' ಸೇರಿಸಿದರೆ ಅವರ ನಾಲಿಗೆ ಸುಟ್ಟುಹೋಗುತ್ತದೆ.

ವಿಷಯ ಇಷ್ಟು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಕಡೆ ಕಾದಿದ ಎಪ್ಪತ್ಮೂರನೆಯ ಜಾರ್ಜಿಯಾ ಸ್ವಯಂಸೇವಕ ಪದಾತಿ ಪಡೆಯ ಹಳಬರೆಲ್ಲ ಏಪ್ರಿಲ್ ಇಪ್ಪತ್ತಾರಕ್ಕೆ ಆರ್ಡೆಲ್ ಊರಿನ ಕೋರ್ಟಿನೆದುರು ಸೇರುತ್ತಾರೆ. ಕಲ್ಲಿನ ಸೈನಿಕನೊಬ್ಬನನ್ನು ನಿಲ್ಲಿಸಿದ್ದಾರೆ, ಅವನ ಮುಸುಕು ತೆಗೆಯುತ್ತಾರೆ. ಅವನ ಕಾಲ ಕೆಳಗಿನ ಫಲಕದಲ್ಲಿ ಒಂದು ಸಾಲು: "ಎಫ್ರಮ್. ನಂಬಿಗಸ್ತ ಸೇವಕ. ಶಾರ್ಪ್ಸ್‌ಬರ್ಗಿನಲ್ಲಿ ತನ್ನ ದಣಿಗೆ ನೀರು ತರುತ್ತ ಶತ್ರುವಿನ ಗುಂಡಿಗೆ ಬಲಿಯಾದವನು." ಹೋಗಿಬರುವ ರೈಲು ಟಿಕೆಟ್ಟನ್ನೂ ಲಕೋಟೆಯೊಳಗೆ ಇಟ್ಟಿದ್ದರು. ನಾನು ಬರಲೇಬೇಕಂತೆ. ನಾನಿಲ್ಲದೆ ಆಗುವುದಿಲ್ಲವಂತೆ.

ಅದು ನಿಜ, ಆಗುವುದಿಲ್ಲ. ಆ ಪಡೆಗೆ ಒಂದು ಪದ್ಧತಿ ಇದೆ. ಪ್ರತಿ ವರ್ಷ ಹಳೆಯ ಹಾಜರಿ ಪುಸ್ತಕ ತಂದು ಹೆಸರು ಕೂಗುತ್ತಾರೆ. ಬದುಕಿರುವವನು "ಹಾಜರ್" ಎನ್ನುತ್ತಾನೆ. ಸತ್ತವನ ಹೆಸರು ಬಂದಾಗ, ಅವನು ಬಿದ್ದದ್ದನ್ನು ಕಣ್ಣಾರೆ ಕಂಡವನು ಎದ್ದು ನಿಂತು ಎಲ್ಲಿ, ಹೇಗೆ ಎಂದು ಹೇಳಬೇಕು. ಎಲ್ಲರೂ ಟೋಪಿ ತೆಗೆಯುತ್ತಾರೆ. ಓಗೊಡುವವನಿಲ್ಲದ ಹೆಸರನ್ನು ಕೂಗುವುದಿಲ್ಲ. ಎಫ್ರಮ್ ಬಿದ್ದದ್ದನ್ನು ಕಂಡವರಲ್ಲಿ ಉಳಿದಿರುವವರು ಮೂವರು. ಒಬ್ಬ ಕ್ಯಾಪ್ಟನ್ ಪ್ರೆಂಟಿಸ್ ಮೇಬ್ರಿ. ಇನ್ನೊಬ್ಬ ವೈಲಿ ಟಾಕೆಟ್ ಎಂಬ ಬಡ ಬಿಳಿಯ ಸಿಪಾಯಿ. ಮೂರನೆಯವನು ನಾನು. ಮೇಬ್ರಿಗೆ ನನ್ನ ಬಾಯಿಂದಲೇ ಬರಬೇಕು; ಕರಿಯನ ಬಾಯಿಂದ ಬಂದರೆ ಸುಳ್ಳಿಗೆ ಸುಣ್ಣ ಬಳಿದ ಹಾಗಾಗುತ್ತದೆ.

ನನ್ನ ಮಗಳು ಡೆಲ್ಫಿ ಪತ್ರ ಓದಿ ಮೇಜಿನ ಮೇಲೆ ಎಸೆದಳು.

"ಹೋಗ್ಬೇಡಪ್ಪ. ಬಾಯಲ್ಲಿ ಬೆಲ್ಲ ಇಟ್ಕೊಂಡು ಕರೀತಾರೆ, ಕೈಯಲ್ಲಿ ಹಗ್ಗ ಇರುತ್ತೆ. ಆ ಸೀಮೇಲಿ ನಮ್ಮೋರನ್ನ ಮರಕ್ಕೆ ನೇತುಹಾಕೋ ಸುದ್ದಿ ನೀನು ಪೇಪರಲ್ಲಿ ಓದಲ್ವಾ?"

"ಎಫ್ರಮ್ ಹೆಸರು ಕೂಗ್ತಾರಂತೆ ಕಣೆ."

"ಕೂಗ್ಲಿ ಬಿಡು. ಚಿಕ್ಕಪ್ಪ ನೀರು ತರೋವಾಗ ಸತ್ತ ಅಂತ ಅಜ್ಜೀನೇ ಹೇಳ್ತಿದ್ಲಲ್ಲ. ಅದನ್ನ ಅಲ್ಲಿಗೇ ಹೋಗಿ ಹೇಳ್ಬೇಕಾ?"

ನಮ್ಮಮ್ಮ ಇದೇ ಮನೆಯಲ್ಲಿ, ಹಿತ್ತಿಲ ಕಡೆಯ ಕೋಣೆಯಲ್ಲಿ ಸತ್ತಳು. ಸಾಯುವ ತನಕ ಅವಳು ಕೇಳುತ್ತಿದ್ದದ್ದು ಒಂದೇ: "ನನ್ನ ಮಗ ಹೇಗೆ ಬಿದ್ದ, ಇನ್ನೊಂದ್ಸಲ ಹೇಳೋ." ನಾನು ಪ್ರತಿ ಸಲವೂ ಮೇಬ್ರಿ ಹೇಳಿದ್ದನ್ನೇ ಹೇಳಿದೆ. ಉತ್ತರದವರ ಗುಂಡು, ನೀರು, ಸುಖದ ಸಾವು. ಆ ಸುಳ್ಳನ್ನು ಹೆತ್ತವನು ಮೇಬ್ರಿ, ಸಾಕಿ ಬೆಳೆಸಿದವನು ನಾನು. ಹೆತ್ತ ತಾಯಿಗೆ, ಕಟ್ಟಿಕೊಂಡ ಹೆಂಡತಿಗೆ, ಮಗಳಿಗೆ, ಎಲ್ಲರಿಗೂ ಅದನ್ನೇ ಉಣಿಸಿದೆ. ಯಾಕೆಂದರೆ ನಿಜ ಹೇಳಿದರೆ ಅದರೊಳಗೆ ನಾನೂ ಬರುತ್ತೇನೆ, ನನ್ನ ಕೈಯಲ್ಲಿದ್ದ ಕತ್ತಿಯೂ ಬರುತ್ತದೆ. ಇನ್ನು ಆ ಸುಳ್ಳು ಕಲ್ಲಾಗುತ್ತದೆ. ನಾನು ಸತ್ತ ಮೇಲೂ ನಿಂತಿರುತ್ತದೆ. ಅದನ್ನು ತಡೆಯಲು ನನಗೆ ಉಳಿದಿದ್ದದ್ದು ಹೆಸರು ಕೂಗುವ ಆ ಒಂದು ಗಳಿಗೆ.

ಟಿಕೆಟ್ಟು ಜೇಬಿಗೆ ಹಾಕಿಕೊಂಡೆ.

ಆರ್ಡೆಲ್ ಮುಟ್ಟಿದ್ದು ಸಮಾರಂಭದ ಹಿಂದಿನ ದಿನ. ಇಂಜಿನ್ನಿನ ಹಿಂದಿನ ಕರಿಯರ ಡಬ್ಬಿಯಲ್ಲಿ ಮಸಿ ತಿನ್ನುತ್ತ ಬಂದಿದ್ದೆ. ಲುವೆಲ್ಲಾ ನನ್ನನ್ನು ಸ್ಟೇಷನ್ನಿನಿಂದ ಮನೆಯ ಹಿಂಬಾಗಿಲಿಗೆ ಕರೆತಂದಳು. ನಲವತ್ತು ದಾಟಿದ ಹೆಂಗಸು, ಮೈಯೆಲ್ಲ ಉತ್ಸಾಹ. ಅಡಿಗೆಮನೆಯ ಮೆಟ್ಟಿಲ ಮೇಲೆ ಕೂರಿಸಿ, ಕುಳಿಯಲ್ಲಿ ಸುಟ್ಟ ಹಂದಿ ಮಾಂಸ, ಮೆಕ್ಕೆಜೋಳದ ರೊಟ್ಟಿ ಕೊಡಿಸಿದಳು. ತಗಡಿನ ತಟ್ಟೆ. ಆ ತಟ್ಟೆ ಒಳಗಿನ ಪಿಂಗಾಣಿಯ ಜೊತೆ ತೊಳೆಯಲ್ಪಡುವುದಿಲ್ಲ, ಬಾಗಿಲ ಹೊರಗಿನ ಮೊಳೆಯಲ್ಲಿ ತೂಗುತ್ತದೆ. ನಾನು ಹುಟ್ಟಿದಾಗಲೂ ಅದೇ ಮೊಳೆ ಇತ್ತು. ಫಲಕದಲ್ಲಿ ನನ್ನ ತಮ್ಮನ ಹೆಸರು, ನನಗೆ ಮೊಳೆಯ ತಟ್ಟೆ.

ಆಮೇಲೆ ಮುದುಕ ಬಂದ. ಎಪ್ಪತ್ತೆರಡು ವರ್ಷ, ಕೈಯಲ್ಲಿ ಕೋಲು. ಗಡ್ಡ ಎದೆಯ ತನಕ ಇಳಿದಿತ್ತು. ನನ್ನನ್ನು ಕಂಡದ್ದೇ ಅವನ ಕಣ್ಣಲ್ಲಿ ನೀರು ತುಂಬಿತು. ನಾಟಕವಾಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಆ ಕಣ್ಣೀರು ನಿಜವಾದದ್ದು.

"ಐಸಮ್ ಮಾಮ! ನಮ್ಮ ಎಫ್ರಮ್ ಎಂಥ ಹುಡುಗ! ನನಗೋಸ್ಕರ ಪ್ರಾಣ ಕೊಟ್ಟ. ಇವತ್ತಿಗೂ ಒಂದು ಲೋಟ ನೀರು ಕುಡಿಯೋವಾಗ ಅವನ ನೆನಪಾಗುತ್ತೆ ನೋಡು."

"ನನಗೂ ಆಗುತ್ತೆ ದಣಿ" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಲುವೆಲ್ಲಾ ನನಗೆ ಪಾಠ ಶುರುಮಾಡಿದಳು. "ನಾಳೆ ಗುಮಾಸ್ತರು 'ಎಫ್ರಮ್' ಅಂತ ಕೂಗ್ತಾರೆ. ನೀನು ಎದ್ದು ನಿಂತು, ಶಾರ್ಪ್ಸ್‌ಬರ್ಗ್, ಅರವತ್ತೆರಡನೇ ಇಸವಿ, ಸೆಪ್ಟೆಂಬರ್ ಹದಿನಾರು, ದಣಿಗೆ ನೀರು ತರ್ತಾ ಶತ್ರು ಗುಂಡಿಗೆ ಬಿದ್ದ ಅಂತ ಹೇಳ್ಬೇಕು. ಅಷ್ಟೇ. ಎಲ್ಲಿ, ಒಂದ್ಸಲ ಹೇಳು ಮಾಮ."

ಹೇಳಿದೆ. ಅವಳು ಚಪ್ಪಾಳೆ ತಟ್ಟಿದಳು. ಮುದುಕ ಗಡ್ಡ ನೀವಿಕೊಂಡ.

ಆ ಗಡ್ಡದ ಬುಡದಲ್ಲಿ ಏನಿದೆ ಎಂದು ನನಗೊಬ್ಬನಿಗೆ ಗೊತ್ತು.

ಸ್ವಯಂಸೇವಕ ಪಡೆ ಎನ್ನುತ್ತಾರೆ. ಮನಸಾರೆ ಬಂದವರಂತೆ! ಅರವತ್ತೊಂದರಲ್ಲಿ ಆರ್ಡೆಲ್ಲಿನಿಂದ ಹೊರಟ ಆ ದಂಡಿನಲ್ಲಿ ನನಗೆ ಇಪ್ಪತ್ತು, ಎಫ್ರಮನಿಗೆ ಹದಿನೆಂಟು. ಬರುತ್ತೀರಾ ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ಮೇಬ್ರಿಯ ಪೆಟ್ಟಿಗೆ, ಮೇಬ್ರಿಯ ಹಾಸಿಗೆ, ಮೇಬ್ರಿಯ ಗುಲಾಮರಿಬ್ಬರು, ಎಲ್ಲವನ್ನೂ ಒಂದೇ ಗಾಡಿಗೆ ತುಂಬಿದರು. ಆಗ ಸಿಪಾಯಿಗಳೇ ಕೈಯೆತ್ತಿ ತಮ್ಮ ಕ್ಯಾಪ್ಟನ್ನನ್ನು ಆರಿಸಿಕೊಳ್ಳುತ್ತಿದ್ದರು. ಮೇಬ್ರಿ ಎರಡು ಪೀಪಾಯಿ ವಿಸ್ಕಿ, ನಾಲ್ಕು ಹಂದಿ ಖರ್ಚು ಮಾಡಿ ಗೆದ್ದ. ಹಂದಿ ಸುಟ್ಟವನು ಎಫ್ರಮ್, ವಿಸ್ಕಿ ಹಂಚಿದವನು ನಾನು. ಕೈ ಎಣಿಸುವಾಗ ನಮ್ಮಿಬ್ಬರನ್ನು ಬೇಲಿಯ ಆಚೆ ನಿಲ್ಲಿಸಿದರು. ಗುಲಾಮಗಿರಿ ಉಳಿಸಿಕೊಳ್ಳಲು ಹೊರಟವರು ಸ್ವಾತಂತ್ರ್ಯ ಸ್ವಾತಂತ್ರ್ಯ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ನಾವು ಅವರ ಪಾತ್ರೆ ತೊಳೆಯುತ್ತ ಅದನ್ನು ಕೇಳಿಸಿಕೊಂಡೆವು.

ಒಂದೂವರೆ ವರ್ಷ ಆ ಪಡೆಯ ಹಿಂದೆ ನಡೆದೆವು. ಕಂದಕ ತೋಡಿದೆವು, ಹೇನು ತುಂಬಿದ ಅಂಗಿಗಳನ್ನು ಕುದಿಸಿದೆವು, ಗಾಯಾಳುಗಳನ್ನು ಹೊತ್ತೆವು. ಪಡೆಯವರು ಒಂದು ನಾಯಿ ಸಾಕಿದ್ದರು, ಸಾರ್ಜಂಟ್ ಎಂದು ಅದರ ಹೆಸರು. ತಮಾಷೆಗೆ ಅದನ್ನು ಹಾಜರಿ ಪುಸ್ತಕದಲ್ಲಿ ಬರೆದರು. ಇವತ್ತಿಗೂ ಪ್ರತಿ ವರ್ಷ ಆ ನಾಯಿಯ ಹೆಸರು ಕೂಗುತ್ತಾರೆ, ಯಾರೋ ಒಬ್ಬ ಎದ್ದು ಓಗೊಡುತ್ತಾನೆ, ಮುದುಕರು ಕಣ್ಣೊರೆಸಿಕೊಳ್ಳುತ್ತಾರೆ. ಎಫ್ರಮನ ಹೆಸರು ಆ ಪುಸ್ತಕ ಸೇರಲು ನಲವತ್ತೇಳು ವರ್ಷ ಬೇಕಾಯಿತು.

ಮೇರಿಲ್ಯಾಂಡಿಗೆ ದಾಟಿದಾಗ ಪಡೆಯ ಅರ್ಧ ಜನಕ್ಕೆ ಕಾಲಿಗೆ ಬೂಟಿರಲಿಲ್ಲ. ಹೊಲದ ಎಳೆ ಜೋಳ, ಹಸಿ ಸೇಬು ತಿಂದು ಎಲ್ಲರ ಹೊಟ್ಟೆಯೂ ಕೆಟ್ಟಿತ್ತು. ಶಾರ್ಪ್ಸ್‌ಬರ್ಗಿನ ಹತ್ತಿರ ನಮ್ಮವರು ಒಂದು ದಿಬ್ಬದ ಮೇಲೆ ಕೂತರು. ಕೆಳಗೆ ಹೊಳೆ, ಹೊಳೆಯ ಆಚೆ ಉತ್ತರದವರು. ನಮ್ಮ ಕಡೆಯ ದಡದಲ್ಲಿ ಒಂದು ಒರತೆ. ನೀರು ಬೇಕಾದರೆ ಅಲ್ಲಿಗೇ ಇಳಿಯಬೇಕು. ಬಿಳಿಯರು ಇಳಿದರೆ ಆಚೆಯಿಂದ ಗುಂಡು ಬರುತ್ತಿತ್ತು. ಕರಿಯರ ಮೇಲೆ ಅವರು ಹೊಡೆಯುತ್ತಿರಲಿಲ್ಲ. ಹಾಗಾಗಿ ಇಳಿಯುವವರು ನಾವು.

ಹದಿನಾರನೆಯ ತಾರೀಕು ಬೆಳಗ್ಗೆ ಎಫ್ರಮ್ ಒಲೆಗೆ ಕಟ್ಟಿಗೆ ಇಡುತ್ತ ಮೆಲ್ಲಗೆ ಹೇಳಿದ.

"ಅಣ್ಣ, ಹೊಳೇಲಿ ಸೊಂಟದ ಮಟ್ಟಾನೂ ನೀರಿಲ್ಲ. ನಿನ್ನೆ ಕೋಲು ಹಾಕಿ ನೋಡ್ದೆ. ಮಧ್ಯಾಹ್ನ ನೀರಿಗೆ ಇಬ್ರೂ ಹೋಗೋಣ, ಹಂಗೇ ಆಚೆ ದಾಟಿಬಿಡೋಣ."

"ಅಮ್ಮ ದಣಿ ಮನೇಲೇ ಇದಾಳಲ್ಲೋ."

"ನಾವು ಗುಲಾಮರಾಗಿದ್ರೆ ಅಮ್ಮನಿಗೇನು ಸಿಕ್ಕುತ್ತೆ? ಆಚೆ ಹೋಗಿ ಬಂದೂಕು ಹಿಡ್ಕೊಂಡು ವಾಪಸ್ ಬಂದು ಕರ್ಕೊಂಡು ಹೋಗೋಣ. ಬರ್ತೀಯೋ ಇಲ್ವೋ?"

"ಬರ್ತೀನಿ" ಎಂದೆ.

ಮಧ್ಯಾಹ್ನ ಅವನು ಹನ್ನೆರಡು ನೀರಿನ ಡಬ್ಬಿಗಳನ್ನು ಹೆಗಲಿಗೆ ಹಾಕಿಕೊಂಡು ನನಗಾಗಿ ನಿಂತಿದ್ದ. ಅಷ್ಟರಲ್ಲಿ ಮೇಬ್ರಿ ಕರೆದ. "ಲೋ ಐಸಮ್, ಸಂಜೆ ಜನರಲ್ ಬರ್ತಾರೆ, ನನ್ನ ಗಡ್ಡ ಹೆರಿ." ಎಫ್ರಮ್ ನನ್ನತ್ತ ನೋಡಿದ. ನಾನು ಹೋಗು ಎಂದು ಕಣ್ಣಲ್ಲೇ ಹೇಳಿದೆ. ಅವನು ನಿಲ್ಲುವಂತಿರಲಿಲ್ಲ, ಮರುದಿನ ದೊಡ್ಡ ಕಾಳಗವೆಂದು ಕೂಳು ಬೇಯಿಸುವವನಿಗೂ ಗೊತ್ತಿತ್ತು.

ದಿಬ್ಬದ ಅಂಚಿನಲ್ಲಿ ಪೆಟ್ಟಿಗೆಯ ಮೇಲೆ ಮೇಬ್ರಿಯನ್ನು ಕೂರಿಸಿ ನೊರೆ ಹಚ್ಚಿದೆ. ಬಲಗೆನ್ನೆ ಮುಗಿಸಿದೆ. ಕತ್ತಿ ಒರೆಸಿ ಎಡಗೆನ್ನೆಗೆ ಬರುವಷ್ಟರಲ್ಲಿ ಅವನ ಕಣ್ಣು ಹೊಳೆಯ ಕಡೆ ಹೋಯಿತು. ಎಫ್ರಮ್ ಹನ್ನೆರಡು ಡಬ್ಬಿಗಳನ್ನೂ ತುಂಬಿ, ಮುಚ್ಚಳ ಬಿಗಿದು, ಒರತೆಯ ಪಕ್ಕದ ಮರದ ಕೊಂಬೆಗೆ ಸಾಲಾಗಿ ತೂಗುಹಾಕಿದ್ದ. ಕೆಲಸ ಮುಗಿಸಿ ಹೋಗುವವನು ಅವನು. ನನಗೆ ಬಾಯಾರಿಕೆಯಾದೀತೆಂದೂ ಇರಬಹುದು. ಆಮೇಲೆ ಬೂಟು ಕಳಚಿ ಕುತ್ತಿಗೆಗೆ ಕಟ್ಟಿಕೊಂಡು ನೀರಿಗೆ ಇಳಿದ.

ಮೇಬ್ರಿ ಎದ್ದ. ಪಕ್ಕದಲ್ಲಿ ವೈಲಿ ಟಾಕೆಟ್ ಬಂದೂಕು ಹಿಡಿದು ಕಾವಲಿದ್ದ. "ಹೊಡಿ ಅವನ್ನ" ಎಂದ ಮೇಬ್ರಿ.

"ಮದ್ದು ಒದ್ದೆ ಆಗಿದೆ ಕ್ಯಾಪ್ಟನ್" ಎಂದ ವೈಲಿ.

ಒದ್ದೆಯೂ ಇಲ್ಲ ಮಣ್ಣೂ ಇಲ್ಲ. ಮೇಬ್ರಿ ಅವನ ಕೈಯಿಂದ ಬಂದೂಕು ಕಿತ್ತುಕೊಂಡ. ಅರ್ಧ ಮುಖಕ್ಕೆ ನೊರೆ, ಅರ್ಧ ಮುಖ ನುಣ್ಣಗೆ. ಅವನ ಕುತ್ತಿಗೆ ನನ್ನಿಂದ ಒಂದು ಗೇಣು ದೂರದಲ್ಲಿತ್ತು. ಕತ್ತಿ ನನ್ನ ಕೈಯಲ್ಲಿ ತೆರೆದೇ ಇತ್ತು. ಅವನು ಗುರಿ ಹಿಡಿಯಲು ತೆಗೆದುಕೊಂಡಷ್ಟು ಹೊತ್ತು ನನಗೆ ಸಾಕಾಗಿತ್ತು. ನಾನು ನಿಂತೇ ಇದ್ದೆ.

ಗುಂಡು ಬೆನ್ನಿಗೆ ಬಿತ್ತು. ಎಫ್ರಮ್ ಮುಂದಕ್ಕೆ ಮುಗ್ಗರಿಸಿದ. ಹೊಳೆ ಅವನನ್ನು ತೆಗೆದುಕೊಂಡು ಹೋಯಿತು.

ಮೇಬ್ರಿ ಬಂದೂಕನ್ನು ವೈಲಿಯ ಎದೆಗೆ ದಬ್ಬಿ ಮತ್ತೆ ಪೆಟ್ಟಿಗೆಯ ಮೇಲೆ ಕೂತ. "ಬಾರೋ. ಮುಗಿಸು" ಎಂದ.

ಮುಗಿಸಿದೆ. ಉಳಿದರ್ಧ ಗಡ್ಡವನ್ನೂ ಹೆರೆದೆ, ಒಂದು ಗೀರೂ ಬೀಳದ ಹಾಗೆ. ಆಮೇಲೆ ಒರತೆಗೆ ಇಳಿದು ಆ ಹನ್ನೆರಡು ಡಬ್ಬಿಗಳನ್ನು ಹೊತ್ತು ತಂದೆ. ಎಲ್ಲರೂ ಕುಡಿದರು. ಥೂ, ನಾನೂ ಕುಡಿದೆ.

ಆ ದಿನದ ನಂತರ ಮೇಬ್ರಿ ನನ್ನ ಕತ್ತಿಗೆ ಕತ್ತು ಕೊಡಲಿಲ್ಲ. ಗಡ್ಡ ಬಿಟ್ಟ. ಜನ ಅದನ್ನು ಯುದ್ಧದ ಹರಕೆ ಎಂದುಕೊಂಡರು. ಮರುವರ್ಷದ ಹೊತ್ತಿಗೆ, ಇಪ್ಪತ್ತು ಗುಲಾಮರಿರುವ ದಣಿ ದಂಡು ಬಿಟ್ಟು ಮನೆಯಲ್ಲಿರಬಹುದು ಎಂದು ಅವರ ಸರ್ಕಾರ ಕಾನೂನು ಮಾಡಿತ್ತು. ಮೇಬ್ರಿಯ ಬಳಿ ಉಳಿದಿದ್ದವರು ಹತ್ತೊಂಬತ್ತು ಜನ. ಪಟ್ಟಿಯಲ್ಲಿ ಎಫ್ರಮನನ್ನೂ ಬರೆದು ಇಪ್ಪತ್ತು ಮಾಡಿ, ರಾಜೀನಾಮೆ ಕೊಟ್ಟು, ನನ್ನನ್ನು ಕರೆದುಕೊಂಡು ಮನೆಗೆ ಬಂದ. ಎಪ್ಪತ್ಮೂರನೆಯ ಪಡೆ ಇನ್ನೂ ಎರಡು ವರ್ಷ ಅವನಿಲ್ಲದೆ ಸಾಯುತ್ತ ಹೋಯಿತು. ವೈಲಿ ಟಾಕೆಟ್‌ಗೆ ಒಬ್ಬ ಗುಲಾಮನೂ ಇರಲಿಲ್ಲ, ಒಂದು ಹೇಸರಗತ್ತೆ ಇತ್ತು. ಅವನ ಎಡಗಾಲು ಚಿಕಮಾಗದ ಕಾಳಗದಲ್ಲಿ ಹೋಯಿತು.

ಇದು ಆ ಪಡೆಯ ಯುದ್ಧಸೇವೆ. ನಾನು ಕಂಡದ್ದು.

ಮರುದಿನ ಕೋರ್ಟಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ವಾದ್ಯದವರು, ಬಿಳಿ ಉಡುಪಿನ ಹೆಣ್ಣುಮಕ್ಕಳು, ಬೂದು ಕೋಟಿನ ಮುದುಕರು. ಹಿಂದೆ, ಮರಗಳ ಕೆಳಗೆ ಹಗ್ಗ ಕಟ್ಟಿ ಅದರಾಚೆ ನಮ್ಮ ಜನರನ್ನು ನಿಲ್ಲಿಸಿದ್ದರು. ನನ್ನೊಬ್ಬನನ್ನು ಮಾತ್ರ ಮುಂದೆ, ವೇದಿಕೆಯ ಮೆಟ್ಟಿಲ ಮೇಲೆ ಕೂರಿಸಿದರು. ಒಬ್ಬ ನ್ಯಾಯಾಧೀಶ ಒಂದು ಗಂಟೆ ಭಾಷಣ ಬಿಗಿದ. ಸಾವಿರ ಜನ ಹೊರಟರು, ನೂರಾ ಹದಿನಾರು ಜನ ಮರಳಿದರು, ಜಗತ್ತಿನಲ್ಲಿ ಇಂಥ ಶೌರ್ಯ ಕಂಡಿಲ್ಲ, ನಮ್ಮ ಗುಲಾಮರು ಕೂಡ ನಮ್ಮನ್ನು ಪ್ರೀತಿಸುತ್ತಿದ್ದರು, ಇತ್ಯಾದಿ. ಹಗ್ಗದಾಚೆ ಒಂದು ಕೆಮ್ಮೂ ಕೇಳಲಿಲ್ಲ. ಮುಸುಕು ತೆಗೆದರು. ಕಲ್ಲಿನ ಸೈನಿಕನ ಕಾಲಿಗೆ ಒಳ್ಳೆಯ ಬೂಟು ಇತ್ತು. ಆ ಪಡೆಯಲ್ಲಿ ಅಂಥ ಬೂಟು ನಾನು ಕಂಡಿರಲಿಲ್ಲ.

ಗುಮಾಸ್ತ ಹಾಜರಿ ಪುಸ್ತಕ ಬಿಡಿಸಿದ. ಹೆಸರುಗಳು, ಊರುಗಳು, ಟೋಪಿಗಳು. ನಾಯಿಯ ಹೆಸರೂ ಬಂತು, ಮುದುಕರು ಮೂಗು ಸೀನಿದರು. ಕೊನೆಗೆ ಗುಮಾಸ್ತ ಗಂಟಲು ಸರಿಮಾಡಿಕೊಂಡು ಕೂಗಿದ.

"ಎಫ್ರಮ್!"

ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಅಷ್ಟು ಗಟ್ಟಿಯಾಗಿ ಕೇಳಿ ನಲವತ್ತೇಳು ವರ್ಷವಾಗಿತ್ತು. ಎದ್ದು ನಿಂತೆ. ಲುವೆಲ್ಲಾ ಮುಂದಿನ ಸಾಲಿನಲ್ಲಿ ಕೂತು ನನ್ನ ಜೊತೆ ತುಟಿ ಆಡಿಸುತ್ತಿದ್ದಳು.

"ಶಾರ್ಪ್ಸ್‌ಬರ್ಗ್" ಎಂದೆ. ಅವಳು ತಲೆಯಾಡಿಸಿದಳು.

"ಅರವತ್ತೆರಡನೇ ಇಸವಿ, ಸೆಪ್ಟೆಂಬರ್ ಹದಿನಾರು." ಅವಳು ನಕ್ಕಳು.

"ಹನ್ನೆರಡು ಡಬ್ಬಿ ನೀರು ತುಂಬಿಸಿ, ಕೊಂಬೆಗೆ ನೇತುಹಾಕಿ, ಹೊಳೆ ದಾಟ್ತಿದ್ದ. ಸ್ವತಂತ್ರ ಆಗೋಕೆ ಹೋಗ್ತಿದ್ದ. ಗುಂಡು ಬೆನ್ನಿಗೆ ಬಿತ್ತು. ಹೊಡೆದದ್ದು ಶತ್ರು ಅಲ್ಲ, ಕ್ಯಾಪ್ಟನ್ ಮೇಬ್ರಿ. ಬಲಗೆನ್ನೆ ಕ್ಷೌರ ಆಗಿತ್ತು, ಎಡಗೆನ್ನೆ ಮೇಲೆ ನೊರೆ ಹಂಗೇ ಇತ್ತು. ಕತ್ತಿ ಹಿಡ್ಕೊಂಡು ಪಕ್ಕದಲ್ಲಿ ನಿಂತಿದ್ದೋನು ನಾನು. ಏನೂ ಮಾಡ್ಲಿಲ್ಲ. ಉಳಿದರ್ಧ ಗಡ್ಡಾನೂ ಹೆರೆದೆ."

ನನ್ನ ದನಿ ಹಗ್ಗದಾಚೆಗೂ ಮುಟ್ಟುವ ಹಾಗೆ ಹೇಳಿದೆ. ಟೋಪಿ ತೆಗೆದವರ ಟೋಪಿಗಳು ಕೈಯಲ್ಲೇ ಉಳಿದವು. ಎಲ್ಲರೂ ವೇದಿಕೆಯ ಮೇಲೆ ಕೂತಿದ್ದ ಮೇಬ್ರಿಯ ಕಡೆ ತಿರುಗಿದರು. ಸುಳ್ಳು ಎಂದು ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು, ನನ್ನ ಹೆಣ ಅಲ್ಲೇ ಬೀಳುತ್ತಿತ್ತು. ಅವನ ಬಾಯಿ ತೆರೆಯಿತು. ಆದರೆ ಕೈ ಅದಕ್ಕಿಂತ ಮೊದಲು ಎದ್ದಿತ್ತು. ಎಡಗೈ ಗಡ್ಡದೊಳಗೆ ತೂರಿ ಎಡಗೆನ್ನೆಯನ್ನು ಒರೆಸಿತು. ಒಮ್ಮೆ ಅಲ್ಲ, ಮತ್ತೆ ಮತ್ತೆ ಒರೆಸಿತು. ಅಲ್ಲಿ ಇನ್ನೂ ನೊರೆ ಇದೆಯೆಂಬಂತೆ ಅಂಗೈ ನೋಡಿಕೊಂಡ. ಮಗಳು ಅಪ್ಪನ ಆ ಕೈಯನ್ನು ನೋಡಿದಳು. ಇಡೀ ಊರು ನೋಡಿತು.

"ಉಂಡ ಮನೆಗೆ ಎರಡು ಬಗೆದ, ಹಿಡೀರಿ ಅವನ್ನ!" ಎಂದು ಯಾರೋ ಕಿರುಚಿದ.

ಆ ಮನೆಯಲ್ಲಿ ಉಂಡವರು ಅವರು, ಬೇಯಿಸಿದವರು ನಾವು! ಅದನ್ನೂ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ವಾದ್ಯದವರು ತಮ್ಮ ಹಾಡು ಬಾರಿಸತೊಡಗಿದರು. ಮೇಬ್ರಿ ಕುರ್ಚಿಯಿಂದ ಜಾರಿದ. ಡಾಕ್ಟರನ್ನು ಕರೆಯಿರಿ ಎಂದು ಲುವೆಲ್ಲಾ ಕೂಗಿಕ್ಕಿದಳು, ಜನವೆಲ್ಲ ಆ ಕಡೆ ನುಗ್ಗಿತು. ನನ್ನ ತೋಳನ್ನು ಯಾರೋ ಹಿಡಿದರು. ನೋಡಿದರೆ ವೈಲಿ ಟಾಕೆಟ್. ಬೂದು ಕೋಟು, ಮರದ ಕಾಲು, ಬಾಯಲ್ಲಿ ವಿಸ್ಕಿಯ ವಾಸನೆ.

"ನಡಿಯೋ, ಮೂರು ಗಂಟೆ ರೈಲು" ಎಂದ.

ಯುದ್ಧದಲ್ಲಿ ಕಾಲು ಕಳೆದುಕೊಂಡವನ ಪಕ್ಕದಲ್ಲಿರುವವನ ಮೇಲೆ ಆ ದಿನ ಆ ಊರಿನಲ್ಲಿ ಕೈ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಹಿಂದಿನಿಂದ ಎರಡು ಕಲ್ಲು ಬಂದವು, ಒಂದು ನನ್ನ ಭುಜಕ್ಕೆ ಬಿತ್ತು. ವೈಲಿ ಟಕ್ ಟಕ್ ಎನ್ನುತ್ತ ಪಕ್ಕದಲ್ಲೇ ನಡೆದ. ಸ್ಟೇಷನ್ ಕಾಣಿಸಿತು. ನನಗೆ ತಡೆಯಲಾಗಲಿಲ್ಲ.

"ನಿಮ್ಮ ಕಾಲು ಚಿಕಮಾಗದಲ್ಲಿ ಹೋಯ್ತು ಅಂತ ಗೊತ್ತಿತ್ತು ಸ್ವಾಮಿ. ನಾಲಿಗೇನೂ ಅಲ್ಲೇ ಹೋಯ್ತು ಅಂತ ಗೊತ್ತಿರ್ಲಿಲ್ಲ. ಬಂದೂಕು ನಂದು ಅಂತ ಎರಡು ಮಾತು ಹೇಳೋಕಾಗ್ಲಿಲ್ವಾ?"

"ನೀನು ರೈಲು ಹತ್ತಿ ಹೋಗ್ತೀಯ ಕಣೋ. ನನ್ನ ಮಗ ಆ ಮೇಬ್ರಿ ಹೊಲಾನೇ ಪಾಲಿಗೆ ಮಾಡ್ತಿದಾನೆ. ನಾನು ಇಲ್ಲೇ ಸಾಯ್ಬೇಕು."

"ಎಫ್ರಮ್‌ಗೂ ಒಬ್ಬ ಅಣ್ಣ ಇದ್ದ ಸ್ವಾಮಿ. ಅವನೂ ಹಿಂಗೇ ಲೆಕ್ಕ ಹಾಕ್ದ."

ಸುದ್ದಿ ನನಗಿಂತ ಮುಂಚೆ ಸ್ಟೇಷನ್ ಮುಟ್ಟಿತ್ತು. ಸಾಮಾನಿನ ಡಬ್ಬಿಯ ಕರಿಯ ಹಮಾಲಿ ಬಾಗಿಲು ಸರಿಸಿ, ನನ್ನನ್ನು ಒಳಗೆಳೆದುಕೊಂಡು ಮೂಟೆಗಳ ಹಿಂದೆ ಕೂರಿಸಿದ. ಟೆನೆಸ್ಸಿ ದಾಟಿದ ಮೇಲೆ ತನ್ನ ಬುತ್ತಿಯನ್ನು ನನ್ನ ಮುಂದಿಟ್ಟ. "ಎಫ್ರಮ್‌ನ ಅಣ್ಣಾವ್ರೇ, ಊಟ ಮಾಡಿ" ಎಂದ. ನನ್ನ ಹೆಸರು ಅವನಿಗೆ ಗೊತ್ತಿರಲಿಲ್ಲ. ಎಫ್ರಮನ ಅಣ್ಣನೆಂದಷ್ಟೇ ಗೊತ್ತಿತ್ತು.

ಮನೆಗೆ ಬಂದು ಡೆಲ್ಫಿಗೆ ಎಲ್ಲ ಹೇಳಿದೆ. ಅವಳು ಮೂರು ದಿನ ನನ್ನೊಡನೆ ಮಾತು ಬಿಟ್ಟಳು. "ಅಜ್ಜಿಗೆ ಹೇಳ್ಬೇಕಿತ್ತು" ಎಂದಳು ನಾಲ್ಕನೆಯ ದಿನ. ಹೌದು, ಹೇಳಬೇಕಿತ್ತು.

ಜೂನ್ ತಿಂಗಳಲ್ಲಿ ವೈಲಿ ಟಾಕೆಟ್‌ನ ಪತ್ರ ಬಂತು. ಮೊಮ್ಮಗಳ ಕೈಯಲ್ಲಿ ಬರೆಸಿದ್ದ.

"ಐಸಮ್‌ಗೆ. ಮೇಬ್ರಿ ಬದುಕಿದಾನೆ, ಮಾತಾಡಲ್ಲ. ಕಲ್ಲುಕುಟಿಗನ್ನ ಕರೆಸಿ ನಿನ್ನ ತಮ್ಮನ ಸಾಲು ಕೆತ್ತಿ ತೆಗೆಸಿದಾರೆ. ಆ ಜಾಗ ಈಗ ಒರಟಾಗಿ ತಗ್ಗು ಬಿದ್ದಿದೆ. ಉಳಿದದ್ದೆಲ್ಲ ನುಣ್ಣಗಿರೋದ್ರಿಂದ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ. ನಿಮ್ಮ ಜನ ಕೋರ್ಟಿಗೆ ಬಂದೋರು ಆ ತಗ್ಗಿನ ಮೇಲೆ ಕೈ ಇಟ್ಟು ಹೋಗ್ತಾರೆ. ಊರ ಹುಡುಗರು, ಬಿಳಿ ಹುಡುಗರೂನೂ, ಇಲ್ಲೇನಿತ್ತು ತಾತ ಅಂತ ನನ್ನ ಕೇಳ್ತಾರೆ. ನಾನು ದಿನಾ ಅಲ್ಲೇ ಬೆಂಚಿನ ಮೇಲೆ ಕೂತಿರ್ತೀನಲ್ಲ. ಏನಂತ ಹೇಳ್ಲಿ?"

ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದ. ಕಾಯಲಿ ಎಂದು ಕಾಗದ ತೆಗೆದುಕೊಂಡೆ. ಜೀವಮಾನದಲ್ಲಿ ಮೊದಲ ಸಲ ಒಬ್ಬ ಜಾರ್ಜಿಯಾದ ಬಿಳಿಯನಿಗೆ ಸ್ವಾಮಿ, ದಣಿ ಸೇರಿಸದೆ ಬರೆದೆ.

"ವೈಲಿಗೆ. ನಿನ್ನ ಬಂದೂಕು, ಅವನ ಕೈ, ನನ್ನ ತಮ್ಮನ ಬೆನ್ನು. ಇಷ್ಟೇ ಹೇಳು. ನಾನು ಹೇಳೋಕೆ ನಲವತ್ತೇಳು ವರ್ಷ ತಗೊಂಡೆ. ನೀನು ಅಷ್ಟು ತಗೋಬೇಡ, ನಿನಗೆ ಅಷ್ಟು ಆಯಸ್ಸಿಲ್ಲ."